ಹೀಬ್ರೂ ಅಕ್ಷರಗಳನ್ನೂ ಮತ್ತೆ ಕಟ್ಟಬೇಕಾಯಿತು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಹೀಬ್ರೂ ಭಾಷೆಯ ಪುನರುಜ್ಜೀವನವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಪುನರುಜ್ಜೀವನದ ಮುಂದಾಳು ಎಲಿಯೇಜರ್ ಬೆನ್ ಯೆಹೂದಾ ತನ್ನ ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಕಿವಿಗೆ ಬೀಳದಂತೆ ಮಗನನ್ನು ಬೆಳೆಸಿದ ಕಥೆಯನ್ನು ಲೇಖಕರು ಚೆನ್ನಾಗಿ ಹೇಳಿದ್ದಾರೆ. ಆದರೆ ಮೂರು ಸಾವಿರ ವರ್ಷಗಳಿಂದ ಬದಲಾಗದ ಅಕ್ಷರಗಳು ಕೈಗೆ ಸಿದ್ಧವಾಗಿಯೇ ಇದ್ದುದರಿಂದ ಆಡುಮಾತನ್ನು ಮರಳಿ ತಂದರೆ ಸಾಕಾಯಿತು ಎಂಬ ಅರ್ಥದ ಮಾತು ಆ ಲೇಖನದಲ್ಲಿದೆ. ಮುದ್ರಣ ವಿಷಯವನ್ನು ಬಹುಕಾಲ ಕಲಿಸಿದವನಾಗಿ ಈ ಮಾತನ್ನು ಒಪ್ಪಲಾರೆ. ಹೀಬ್ರೂ ಅಕ್ಷರಗಳು ಒಮ್ಮೆ ಪೂರ್ತಿಯಾಗಿ ಬದಲಾಗಿವೆ, ಆಮೇಲೆ ಊರೂರಿಗೆ ಬೇರೆ ಬೇರೆ ರೂಪ ತಾಳಿವೆ. ಇಪ್ಪತ್ತನೆಯ ಶತಮಾನದಲ್ಲಿ ದಿನಬಳಕೆಯ ಭಾಷೆಗೆ ಬೇಕಾದ ಅಕ್ಷರಗಳನ್ನು ಹೊಸದಾಗಿ ಕಡೆಯಬೇಕಾಗಿ ಬಂದಿತ್ತು. ಆ ಕೆಲಸ ಮಾಡಿದವರಲ್ಲಿ ಬಹುಪಾಲು ಜನ ಜರ್ಮನಿಯಿಂದ ತಲೆತಪ್ಪಿಸಿಕೊಂಡು ಬಂದವರು. ಭಾಷೆಯ ಕಥೆಯಲ್ಲಿ ಅವರ ಹೆಸರು ಬಾರದೇ ಹೋಗುವುದು ನ್ಯಾಯವಲ್ಲ ಎಂಬ ಕಾರಣಕ್ಕೆ ಈ ಪತ್ರ ಸ್ವಲ್ಪ ದೀರ್ಘವಾಗಿದೆ, ಸಹಿಸಿಕೊಳ್ಳಬೇಕು.

ಇಂದು ನಾವು ಹೀಬ್ರೂ ಎಂದು ಗುರುತಿಸುವ ಚೌಕಾಕಾರದ ಅಕ್ಷರಗಳು ಮೂಲದಲ್ಲಿ ಹೀಬ್ರೂವಿನ ನೆರೆಭಾಷೆಯಾದ ಅರಮಾಯಿಕ್ ಬರೆಯುವ ಲಿಪಿಯವು. ದಾವೀದ, ಸೊಲೊಮೋನರ ವಂಶದ ಅರಸರ ಕಾಲದ ಹೀಬ್ರೂ ಬರಹ ಫಿನೀಷಿಯನ್ ಲಿಪಿಯ ಹತ್ತಿರದ ನಂಟಿನ ಬೇರೊಂದು ಲಿಪಿಯಲ್ಲಿತ್ತು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಯೆಹೂದ್ಯರು ಬಾಬಿಲೋನಿಗೆ ಸೆರೆಯಾಗಿ ಹೋದ ನಂತರ, ಪರ್ಷಿಯಾದ ಸಾಮ್ರಾಜ್ಯವು ಅರಮಾಯಿಕ್ ಬರಹವನ್ನು ಆಡಳಿತಕ್ಕೆ ಬಳಸುತ್ತಿದ್ದ ಕಾಲದಲ್ಲಿ, ಅವರು ತಮ್ಮ ಭಾಷೆಯನ್ನು ಉಳಿಸಿಕೊಂಡು ಲಿಪಿಯನ್ನು ಮಾತ್ರ ನಿಧಾನವಾಗಿ ಬದಲಾಯಿಸಿಕೊಂಡರು. ಹಳೆಯ ಲಿಪಿ ಒಮ್ಮೆಗೇ ಸಾಯಲಿಲ್ಲ. 1947ರಿಂದ ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿದ ಸುರುಳಿಗಳ ಪೈಕಿ ಕೆಲವದರಲ್ಲಿ ಇಡೀ ಪಠ್ಯ ಚೌಕ ಅಕ್ಷರದಲ್ಲಿದ್ದು, ದೇವರ ಹೆಸರನ್ನು ಮಾತ್ರ ಹಳೆಯ ಲಿಪಿಯಲ್ಲಿ ಬರೆಯಲಾಗಿದೆ. ಕ್ರಿಸ್ತಶಕ 132ರಿಂದ 135ರವರೆಗೆ ರೋಮ್ ವಿರುದ್ಧ ನಡೆದ ಬಾರ್ ಕೊಖ್ಬಾ ಬಂಡಾಯದವರು ತಮ್ಮ ನಾಣ್ಯಗಳ ಮೇಲೆ ಅದೇ ಹಳೆಯ ಅಕ್ಷರಗಳನ್ನು ಟಂಕಿಸಿದರು. ಸಮಾರಿಟನ್ ಸಮುದಾಯದವರು ಅದರ ವಂಶದ ಲಿಪಿಯನ್ನು ಇಂದಿಗೂ ಬಳಸುತ್ತಾರೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಅದೇ ಅರಮಾಯಿಕ್ ಲಿಪಿಯಿಂದ ಹುಟ್ಟಿತೆಂದು ಬಹುತೇಕ ವಿದ್ವಾಂಸರು ಒಪ್ಪುವ ಖರೋಷ್ಠಿ ಲಿಪಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೂ ಇದೆ. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬರೆದ ಚಪಡನು ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ವೃತ್ತಿಯನ್ನು ಹೇಳುವ ‘ಲಿಪಿಕರೇಣ’ ಎಂಬ ಒಂದು ಮಾತನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಮೊಳಕಾಲ್ಮೂರಿನ ಕಡೆ ಹೋದವರು ಆ ಸಾಲನ್ನು ನೋಡಬಹುದು. ಹೀಬ್ರೂ ಚೌಕ ಅಕ್ಷರಕ್ಕೆ ಅದು ದೂರದ ದಾಯಾದಿ.

ಇನ್ನು ಅಕ್ಷರಗಳ ಅಂದಚೆಂದ ಎಲ್ಲಿಂದ ಬಂತು ಎಂಬುದು. ಯೆಹೂದ್ಯರ ಆರಾಧನೆಯಲ್ಲಿ ಓದುವ ತೋರಾ (ಬೈಬಲಿನ ಮೊದಲ ಐದು ಗ್ರಂಥಗಳು) ಸುರುಳಿಯನ್ನು ಅಚ್ಚು ಹಾಕುವಂತಿಲ್ಲ. ಸೋಫೇರ್ ಎಂಬ ಲಿಪಿಕಾರ ಹದಮಾಡಿದ ತೊಗಲಿನ ಮೇಲೆ ಕೈಯಿಂದಲೇ ಬರೆಯಬೇಕು. ಮಾಚಿಕಾಯಿ, ಅನ್ನಭೇದಿ ಮತ್ತು ಗೋಂದನ್ನು ಕೂಡಿಸಿ ಮಾಡಿದ ಶಾಯಿ, ಜರ್ಮನಿ ಮತ್ತು ಪೂರ್ವ ಯುರೋಪಿನ ಯೆಹೂದ್ಯರ ಅಶ್ಕೆನಾಜಿ ಪದ್ಧತಿಯಲ್ಲಿ ಹಕ್ಕಿಯ ಗರಿಯ ಲೇಖನಿ, ಸ್ಪೇನ್ ಮೂಲದವರ ಸೆಫಾರ್ದಿ ಪದ್ಧತಿಯಲ್ಲಿ ಜೊಂಡಿನ ಲೇಖನಿ, ಇವು ಅವನ ಸಲಕರಣೆ. ಮೊದಲು ಮೊನೆಯಿಂದ ತೊಗಲಿನ ಮೇಲೆ ಶಾಯಿಯಿಲ್ಲದ ಗೆರೆಗಳನ್ನು ಎಳೆದುಕೊಳ್ಳುತ್ತಾನೆ. ಅಕ್ಷರಗಳು ಆ ಗೆರೆಯ ಮೇಲೆ ಕೂರುವುದಿಲ್ಲ, ಹಗ್ಗಕ್ಕೆ ಹರವಿದ ಬಟ್ಟೆಯ ಹಾಗೆ ಅದರಿಂದ ಕೆಳಕ್ಕೆ ಇಳಿಬೀಳುತ್ತವೆ. ಲಾಮೆದ್ ಎಂಬ ಅಕ್ಷರವೊಂದು ಮಾತ್ರ ಗೆರೆಯನ್ನು ದಾಟಿ ಮೇಲಕ್ಕೆ ತಲೆ ಎತ್ತುತ್ತದೆ. ಲೇಖನಿಯ ತುದಿಯನ್ನು ಅಗಲವಾಗಿ ಕತ್ತರಿಸಿ ಹಿಡಿಯುವ ರೀತಿಯಿಂದ ಅಡ್ಡಗೆರೆ ದಪ್ಪವಾಗಿಯೂ ಉದ್ದಗೆರೆ ತೆಳುವಾಗಿಯೂ ಬೀಳುತ್ತದೆ. ಲ್ಯಾಟಿನ್ ಅಕ್ಷರಗಳಲ್ಲಿ ಇದಕ್ಕೆ ತೀರ ವಿರುದ್ಧವಾಗಿ ಉದ್ದಗೆರೆಯೇ ದಪ್ಪ. ಮುಂದೆ ಅಚ್ಚುಮೊಳೆಯ, ಅಂದರೆ ಅಚ್ಚಿಗಾಗಿ ಲೋಹದಲ್ಲಿ ಎರೆದ ಬಿಡಿ ಅಕ್ಷರಗಳ, ಕಾಲದಲ್ಲಿ ಬಂದ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸವನ್ನು ಮರೆತದ್ದರಿಂದ ಬಂದವು.

ಹೀಬ್ರೂವಿನಲ್ಲಿ 22 ಅಕ್ಷರಗಳಿವೆ, ಅವುಗಳಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬಂದಾಗ ಬೇರೆ ರೂಪವಿದೆ. ಹಲವು ಅಕ್ಷರಗಳು ಜೋಡಿಜೋಡಿಯಾಗಿ ಒಂದನ್ನೊಂದು ಹೋಲುತ್ತವೆ: ಬೇತ್ ಮತ್ತು ಕಾಫ್, ಹೇ ಮತ್ತು ಹೆತ್, ದಾಲೆತ್ ಮತ್ತು ರೇಶ್. ದಾಲೆತ್‌ನ ಮೇಲಿನ ಅಡ್ಡಗೆರೆ ಬಲಗಡೆ ಕಾಲಿಗಿಂತ ತುಸು ಹೊರಚಾಚಿ ಮೂಲೆ ಮಾಡುತ್ತದೆ. ರೇಶ್‌ನಲ್ಲಿ ಆ ಮೂಲೆ ದುಂಡಗೆ ಬಾಗುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಯೆಹೂದ್ಯರು ದಿನಕ್ಕೆರಡು ಬಾರಿ ಹೇಳುವ ಪ್ರಾರ್ಥನೆಯ ಮೊದಲ ಸಾಲು ದೇವರು ‘ಒಬ್ಬನೇ’ ಎಂಬ ಅರ್ಥದ ‘ಎಖಾದ್’ ಎಂಬ ಮಾತಿನಿಂದ ಮುಗಿಯುತ್ತದೆ, ಅದರ ಕೊನೆಯ ದಾಲೆತ್ ರೇಶ್ ಆಗಿಬಿಟ್ಟರೆ ‘ಬೇರೊಬ್ಬ’ ಎಂಬ ಅರ್ಥ ಬರುತ್ತದೆ. ಸುರುಳಿಯಲ್ಲಿ ಆ ದಾಲೆತ್‌ಅನ್ನು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆಯುವ ಸಂಪ್ರದಾಯವಿದೆ. ಎರಡು ಅಕ್ಷರ ಒಂದಕ್ಕೊಂದು ತಗುಲಿದರೂ ಸುರುಳಿ ಓದಲು ಅನರ್ಹ. ಅಕ್ಷರದ ರೂಪದ ಬಗ್ಗೆ ಸಂಶಯ ಬಂದಾಗ ಅವರು ಅನುಸರಿಸುವ ಕ್ರಮ ನನಗೆ ಬಹಳ ಹಿಡಿಸಿದೆ: ಅಕ್ಷರಮಾಲೆ ಬಲ್ಲ, ಆದರೆ ಅತಿ ಜಾಣನೂ ಅಲ್ಲದ ದಡ್ಡನೂ ಅಲ್ಲದ ಮಗುವನ್ನು ಕರೆದು ಅಕ್ಕಪಕ್ಕದ ಬರಹವನ್ನು ಮರೆಮಾಡಿ, ಇದು ಯಾವ ಅಕ್ಷರ ಎಂದು ಕೇಳುತ್ತಾರೆ. ಮಗು ಹೇಳಿದ್ದೇ ತೀರ್ಪು. ಅಕ್ಷರ ವಿನ್ಯಾಸ ಕಲಿಸುವ ತರಗತಿಗಳಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ.

ಮುದ್ರಣ ಬಂದಾಗ ಕಡೆದ ಮೊಳೆಗಳು ಈ ಕೈಬರಹಗಳನ್ನೇ ಅನುಸರಿಸಿದವು. ತಾರೀಖು ನಮೂದಾದ ಮೊಟ್ಟಮೊದಲ ಹೀಬ್ರೂ ಅಚ್ಚುಪುಸ್ತಕ ದಕ್ಷಿಣ ಇಟಲಿಯ ರೆಜ್ಜೋ ದಿ ಕಲಾಬ್ರಿಯಾದಲ್ಲಿ 1475ರಲ್ಲಿ ಹೊರಬಂತು. ಅದು ತೋರಾದ ಮೇಲೆ ರಾಶಿ ಎಂಬ ವಿದ್ವಾಂಸ ಬರೆದ ವ್ಯಾಖ್ಯಾನ. ಅದಕ್ಕೆ ಬಳಸಿದ್ದು ಸೆಫಾರ್ದಿಗಳ ಅರೆಮೋಡಿ ಬರಹದ ಮಾದರಿಯ ಮೊಳೆ. ಅದಕ್ಕೆ ‘ರಾಶಿ ಲಿಪಿ’ ಎಂಬ ಹೆಸರು ಅಂಟಿಕೊಂಡಿದೆಯಾದರೂ, 1105ರಲ್ಲಿ ತೀರಿಕೊಂಡ ಫ್ರಾನ್ಸಿನ ಆ ವಿದ್ವಾಂಸನಿಗೂ ಆ ಬರಹಕ್ಕೂ ಸಂಬಂಧವಿಲ್ಲ. ಮೂಲಪಠ್ಯಕ್ಕೆ ಚೌಕ ಅಕ್ಷರ, ವ್ಯಾಖ್ಯಾನಕ್ಕೆ ರಾಶಿ ಅಕ್ಷರ ಎಂಬ ವಿಭಜನೆಯಿಂದ ಪುಟವನ್ನು ಕಂಡೊಡನೆ ಯಾವುದು ಏನು ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು. 1488ರಲ್ಲಿ ಸೊನ್ಚೀನೋ ಮನೆತನದವರು ಇಡೀ ಹೀಬ್ರೂ ಬೈಬಲನ್ನು ಮೊದಲ ಬಾರಿಗೆ ಅಚ್ಚು ಹಾಕಿದರು. ವೆನಿಸ್ಸಿನಲ್ಲಿ ಡೇನಿಯಲ್ ಬೊಂಬೆರ್ಗ್ ಎಂಬ ಆಂಟ್ವರ್ಪಿನ ಕ್ರೈಸ್ತ ಮುದ್ರಕ 1520ರಿಂದ 1523ರ ನಡುವೆ ಹೊರತಂದ, ಯೆಹೂದಿ ಧರ್ಮಶಾಸ್ತ್ರದ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಹಾಳೆಗಳ ಎಣಿಕೆಯನ್ನೇ ಇಂದಿಗೂ ಎಲ್ಲರೂ ಅನುಸರಿಸುತ್ತಾರೆ. ನಡುವೆ ಮೂಲ, ಒಳಬದಿಯಲ್ಲಿ ರಾಶಿ, ಹೊರಬದಿಯಲ್ಲಿ ಆಮೇಲಿನ ವಿದ್ವಾಂಸರ ಟಿಪ್ಪಣಿಗಳಾದ ತೊಸಾಫೋತ್ ಎಂಬ ಪುಟವಿನ್ಯಾಸ ಐನೂರು ವರ್ಷವಾದರೂ ಅಳ್ಳಾಡಿಲ್ಲ. ಅದೇ ವೆನಿಸ್ಸಿನಲ್ಲಿ ಫ್ರಾನ್ಸಿನ ಗಿಯೋಮ್ ಲ ಬೇ ಕಡೆದ ಸೆಫಾರ್ದಿ ಶೈಲಿಯ ಮೊಳೆಗಳು ನನ್ನ ಕಣ್ಣಿಗೆ ಈ ಇಡೀ ಪರಂಪರೆಯ ಅತ್ಯುತ್ತಮ ಕೆಲಸ. ಮುಂದಿನವರು ದಾರಿ ತಪ್ಪಿದಾಗಲೆಲ್ಲ ಹಿಂದಿರುಗಿ ನೋಡಿದ್ದು ಅವನ್ನೇ.

ದಾರಿ ತಪ್ಪಿದ್ದು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ. ಬೊಡೋನಿ, ದಿದೋ ಮುಂತಾದವರ ಲ್ಯಾಟಿನ್ ಅಕ್ಷರಗಳಲ್ಲಿ ದಪ್ಪ ಗೆರೆ ಬಹಳ ದಪ್ಪ, ತೆಳು ಗೆರೆ ಕೂದಲೆಳೆಯಷ್ಟು ತೆಳು ಎಂಬ ಹೊಸ ರುಚಿ ಹುಟ್ಟಿತು, ಅದನ್ನು ಹೀಬ್ರೂವಿಗೂ ಹೊರಿಸಲಾಯಿತು. ಲ್ಯಾಟಿನ್ ಅಕ್ಷರಗಳು ಅದನ್ನು ಹೇಗೋ ತಡೆದುಕೊಂಡವು. ಹೀಬ್ರೂವಿನಲ್ಲಿ ಅಕ್ಷರ ಯಾವುದೆಂದು ಹೇಳುವ ಭಾಗವೇ ಆ ತೆಳು ಗೆರೆಗಳಲ್ಲಿ, ಮೂಲೆಗಳಲ್ಲಿ ಇರುವುದರಿಂದ, ಮೊಳೆ ಸ್ವಲ್ಪ ಸವೆದರೂ ಶಾಯಿ ಸ್ವಲ್ಪ ಕಡಿಮೆಯಾದರೂ ಅವು ಅಳಿಸಿಹೋಗಿ ಪುಟದ ತುಂಬ ಒಂದೇ ಥರದ ದಪ್ಪ ಅಡ್ಡಗೆರೆಗಳು ಮಾತ್ರ ಉಳಿಯುತ್ತಿದ್ದವು. ಬಾಯಿಪಾಠವಿದ್ದ ಪ್ರಾರ್ಥನೆಯನ್ನು ಇಂಥ ಪುಸ್ತಕದಲ್ಲಿ ಓದಬಹುದು. ಹಿಂದೆಂದೂ ಕಾಣದ ಹೊಸ ಪದಗಳಿರುವ ಸುದ್ದಿಯನ್ನು ಪತ್ರಿಕೆಯ ಕಾಗದದ ಮೇಲೆ ಓದುವುದು ಬೇರೆ ಮಾತು. ಬೆನ್ ಯೆಹೂದಾ ಸ್ವತಃ ಪತ್ರಿಕೆ ನಡೆಸಿದವನು. ಅವನ ಕಾಲದ ಮುದ್ರಣಾಲಯಗಳ ಮೊಳೆಪೆಟ್ಟಿಗೆಯಲ್ಲಿ ಇದ್ದದ್ದು ಹೆಚ್ಚಾಗಿ ಇದೇ ಸಂತತಿಯ ಮೊಳೆಗಳು. ಸಿದ್ಧವಾಗಿದ್ದ ಅಕ್ಷರಗಳೆಂದು ತಮ್ಮ ಲೇಖಕರು ಹೇಳಿದ್ದು ಇವನ್ನೇ ಎಂದಾಗುತ್ತದೆ.

ಇದನ್ನು ಸರಿಪಡಿಸಲು ಹೊರಟವರಲ್ಲಿ ಮೊದಲಿಗ ಲೈಪ್ಜಿಗ್ ನಗರದ ಸಿನಗಾಗಿನಲ್ಲಿ ಪ್ರಾರ್ಥನೆಯನ್ನು ಹಾಡಿಸುತ್ತಿದ್ದ ರಫಾಯೆಲ್ ಫ್ರಾಂಕ್. ಅಲ್ಲಿನ ರೂಲ್ ಮೊಳೆ ಕಾರ್ಖಾನೆಗಾಗಿ ಅವರು ರೂಪಿಸಿ, 1910ರ ಸುಮಾರಿಗೆ ಬಳಕೆಗೆ ಬಂದ ‘ಫ್ರಾಂಕ್ ರೂಲ್’ ಅಕ್ಷರದಲ್ಲಿ ದಪ್ಪ ತೆಳುವಿನ ಅಂತರವನ್ನು ತಗ್ಗಿಸಿ, ಹೋಲುವ ಜೋಡಿಗಳನ್ನು ಒಂದರಿಂದೊಂದು ದೂರ ಸರಿಸಿದರು. ಇಪ್ಪತ್ತನೆಯ ಶತಮಾನದ ಹೀಬ್ರೂ ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಅತಿ ಹೆಚ್ಚು ಓದಿಸಿಕೊಂಡ ಅಕ್ಷರ ಇದೇ. 1920ರ ದಶಕದ ಕೊನೆಯ ಹೊತ್ತಿಗೆ ವಾರ್ಸಾದಲ್ಲಿ ಯಾನ್ ಲೆವಿಟ್ ರೂಪಿಸಿದ ‘ಹಾಯಿಮ್’ ಲೇಖನಿಯ ಗುರುತನ್ನೇ ಬಿಟ್ಟುಕೊಟ್ಟು, ಒಂದೇ ದಪ್ಪದ ನೆಟ್ಟ ಗೆರೆಗಳಿಂದ ಕಟ್ಟಿದ ಅಕ್ಷರ. ಟೆಲ್ ಅವೀವ್ ನಗರದ ಭಿತ್ತಿಪತ್ರಗಳಿಗೆ, ಅಂಗಡಿಯ ಫಲಕಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಇಂಥ ಅಕ್ಷರಗಳಲ್ಲಿ ಸಾಮೆಖ್ ಎಂಬ ಅಕ್ಷರ ಮತ್ತು ಅಂತ್ಯ ಮೇಮ್ (ಮೇಮ್ ಅಕ್ಷರ ಪದದ ಕೊನೆಯಲ್ಲಿ ತಾಳುವ ರೂಪ) ಎರಡೂ ಹೆಚ್ಚುಕಡಿಮೆ ಒಂದೇ ಡಬ್ಬಿಯಾಗುತ್ತವೆ, ಮೇಲೆ ಹೇಳಿದ ಮಗುವಿನ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ತಲೆಬರಹಕ್ಕೆ ಸರಿ, ಪುಸ್ತಕಕ್ಕೆ ಸಲ್ಲದು ಎಂದು ನನ್ನ ಅಭಿಪ್ರಾಯ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಆಚೀಚಿನ ವರ್ಷಗಳಲ್ಲಿ ಜರ್ಮನಿಯ ಉತ್ತಮ ಮುದ್ರಣ ಶಾಲೆಗಳಲ್ಲಿ ಪಳಗಿದ್ದ ಯೆಹೂದಿ ಕಲಾವಿದರು ಚದುರಿದರು, ಹೀಬ್ರೂ ಅಕ್ಷರಕ್ಕೆ ನಿಜವಾದ ಮರುಹುಟ್ಟು ಬಂದದ್ದು ಅವರಿಂದ. ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಫ್ರಾಂಜಿಸ್ಕಾ ಬಾರೂಖ್ ಹಳೆಯ ಅಶ್ಕೆನಾಜಿ ಅಕ್ಷರಶೈಲಿಯನ್ನು ಆಧರಿಸಿ ‘ಸ್ತಾಮ್’ ಎಂಬ ಅಕ್ಷರವನ್ನು ರೂಪಿಸಿದರು. ‘ಹಾರೆಟ್ಜ್’ ದಿನಪತ್ರಿಕೆಯ ಶಿರೋನಾಮೆಯೂ ಅವರ ಕೈಯದೇ. ಬ್ರೆಸ್ಲಾವ್‌ನಿಂದ 1932ರಲ್ಲಿ ಜೆರುಸಲೇಮಿಗೆ ಹೋದ ಇಸ್ಮಾರ್ ಡೇವಿಡ್ ತಮ್ಮ ಹೆಸರಿನ ಅಕ್ಷರ ಕುಟುಂಬವನ್ನು 1954ರಲ್ಲಿ ಅಚ್ಚಿನ ಸಾಲುಗಳನ್ನು ಎರೆಯುವ ಇಂಟರ್‌ಟೈಪ್ ಯಂತ್ರಕ್ಕೆ ಒದಗಿಸಿದರು. ಇಟಾಲಿಕ್ ಬೇಕೆಂದರೆ ನೆಟ್ಟಗಿನ ಅಕ್ಷರವನ್ನೇ ವಾಲಿಸಿ ಕೈತೊಳೆದುಕೊಳ್ಳುವ ಪದ್ಧತಿಯನ್ನು ಅವರು ಒಪ್ಪದೆ, ಹಳೆಯ ಮೋಡಿ ಬರಹಗಳನ್ನು ಅಭ್ಯಾಸ ಮಾಡಿ ಅದಕ್ಕೊಂದು ಬೇರೆಯೇ ಜೊತೆ ಅಕ್ಷರವನ್ನು ಕಟ್ಟಿದ್ದರು. ಕಂಪ್ಯೂಟರಿನಲ್ಲಿ ‘ಡೇವಿಡ್’ ಎಂಬ ಹೆಸರಿನಿಂದ ಮನೆಮಾತಾದದ್ದು ಆ ಕುಟುಂಬದ ನೆಟ್ಟಗಿನ ಅಕ್ಷರ ಮಾತ್ರ.

ಹೆನ್ರಿ ಫ್ರೀಡ್‌ಲೆಂಡರ್ ಅವರ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 1904ರಲ್ಲಿ ಲಿಯೋನ್‌ನಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ಬೆಳೆದು ಲೈಪ್ಜಿಗ್‌ನಲ್ಲಿ ಕಲಿತ ಅವರು 1930ರ ದಶಕದ ಆರಂಭದಲ್ಲಿ ಹೊಸ ಹೀಬ್ರೂ ಅಕ್ಷರವೊಂದರ ಕೆಲಸಕ್ಕೆ ಕೈಹಾಕಿ, ನೆದರ್‌ಲೆಂಡ್ಸ್‌ಗೆ ವಲಸೆ ಹೋದರು. ಜರ್ಮನಿ ಆ ದೇಶವನ್ನು ಆಕ್ರಮಿಸಿಕೊಂಡ ವರ್ಷಗಳಲ್ಲಿ ತಲೆಮರೆಸಿಕೊಂಡು ಬದುಕಿದರು. ಯುದ್ಧ ಮುಗಿದ ಮೇಲೆ 1950ರಲ್ಲಿ ಜೆರುಸಲೇಮಿನಲ್ಲಿ ಹುಡುಗರಿಗೆ ಮುದ್ರಣ ಕಲಿಸುವ ಹದಾಸಾ ಶಾಲೆಯ ಮುಖ್ಯಸ್ಥರಾದರು. ‘ಹದಾಸಾ’ ಎಂಬ ಅವರ ಅಕ್ಷರ ಆಮ್‌ಸ್ಟರ್‌ಡಾಮ್‌ನ ಮೊಳೆ ಕಾರ್ಖಾನೆಯಿಂದ ಹೊರಬಂದದ್ದು 1958ರಲ್ಲಿ. ಶುರುಮಾಡಿದಾಗ ಇಪ್ಪತ್ತರ ಹರೆಯ ಆಗತಾನೆ ಮುಗಿಯುತ್ತಿದ್ದವರು ಮುಗಿಸುವಾಗ ಐವತ್ತು ದಾಟಿದ್ದರು. ಹದಾಸಾದಲ್ಲಿ ಅಡ್ಡಗೆರೆ ದಪ್ಪವಾಗಿಯೇ ಇದೆ, ಆದರೆ ಉದ್ದಗೆರೆಯೂ ಸಾಕಷ್ಟು ಮೈತುಂಬಿಕೊಂಡಿದೆ. ಗೆರೆಯ ತುದಿಗಳಲ್ಲಿ ಲೇಖನಿ ಎತ್ತಿದ ಗುರುತು ಇದೆ, ಅಲಂಕಾರವಿಲ್ಲ. ಪಕ್ಕದಲ್ಲಿ ಲ್ಯಾಟಿನ್ ಅಕ್ಷರವಿಟ್ಟರೂ ಪುಟದ ಒಟ್ಟಾರೆ ಕಪ್ಪುಬಿಳುಪಿನ ಹದ ಕೆಡುವುದಿಲ್ಲ, ಹಾಗೆಂದು ಲ್ಯಾಟಿನ್ ವೇಷವನ್ನೂ ಅದು ಹಾಕಿಲ್ಲ.

ಮೋಶೆ ಸ್ಪಿಟ್ಜರ್ ಹೆಸರನ್ನು ಭಾರತೀಯ ಓದುಗರು ಬೇರೊಂದು ಕಾರಣಕ್ಕೆ ಬಲ್ಲವರಾಗಿರಬೇಕು. ಮೊರಾವಿಯಾದಲ್ಲಿ ಹುಟ್ಟಿದ ಇವರು ಮೊದಲು ಸಂಸ್ಕೃತದ ವಿದ್ವಾಂಸರು. ಜರ್ಮನರ ತುರ್ಫಾನ್ ಶೋಧಯಾತ್ರೆಯಲ್ಲಿ 1906ರಲ್ಲಿ ಮಧ್ಯ ಏಷ್ಯಾದ ಕಿಜಿಲ್ ಗುಹೆಗಳಲ್ಲಿ ಸಿಕ್ಕಿದ, ನೂರಾರು ತುಂಡುಗಳಾಗಿ ಒಡೆದಿದ್ದ ತಾಳೆಗರಿಯ ಕಟ್ಟೊಂದನ್ನು 1920ರ ದಶಕದಲ್ಲಿ ಮೊದಲಿಗೆ ಅಧ್ಯಯನ ಮಾಡಿದವರು ಇವರೇ. ಕುಷಾಣರ ಕಾಲದ ಬ್ರಾಹ್ಮಿಯಲ್ಲಿರುವ, ಮಹಾಭಾರತದ ಪರ್ವಗಳ ಪಟ್ಟಿಯನ್ನೂ ಒಳಗೊಂಡ ಆ ಗರಿಗಳು ಇಂದಿಗೂ ‘ಸ್ಪಿಟ್ಜರ್ ಹಸ್ತಪ್ರತಿ’ ಎಂದೇ ಪ್ರಸಿದ್ಧ. ಆಮೇಲೆ ಅವರು ಬರ್ಲಿನ್‌ನ ಶೋಕೆನ್ ಪ್ರಕಾಶನದ ಸಂಪಾದಕರಾದರು, 1939ರಲ್ಲಿ ಜೆರುಸಲೇಮಿಗೆ ಹೋದರು, ಅಲ್ಲಿ ತರ್ಶೀಶ್ ಎಂಬ ಪ್ರಕಾಶನವನ್ನೂ ಮೊಳೆ ಎರಕದ ಕಾರ್ಖಾನೆಯನ್ನೂ ಸ್ಥಾಪಿಸಿ ಹೊಸ ಅಕ್ಷರಗಳಿಗೆ ಆಶ್ರಯ ಕೊಟ್ಟರು. ಬ್ರಾಹ್ಮಿಯ ಒಡಕು ಗರಿಗಳ ಮೇಲೆ ಪಳಗಿದ ಕಣ್ಣು ಮುಂದೆ ಹೀಬ್ರೂ ಮೊಳೆಗಳನ್ನು ಪರೀಕ್ಷಿಸಲು ಒದಗಿದ್ದು ನನಗೇನೂ ಆಕಸ್ಮಿಕವೆನಿಸುವುದಿಲ್ಲ. ಇದೇ ತಲೆಮಾರಿನ, ನ್ಯೂರೆಂಬರ್ಗ್ ಮೂಲದ ಎಲಿಯಾಹು ಕೊರೆನ್ 1962ರಲ್ಲಿ ಹೊರತಂದ ಬೈಬಲಿಗೆ ತಾವೇ ಹೊಸ ಅಕ್ಷರ ರೂಪಿಸಿದರು, ಅದರ ಮೊಳೆಗಳನ್ನು ಪ್ಯಾರಿಸ್ಸಿನಲ್ಲಿ ಕಡೆಸಿದರು.

ಲಿಪಿ ಬದಲಾಗಲಿಲ್ಲ ಎಂಬ ಮಾತಿಗೆ ಇನ್ನೊಂದು ಉತ್ತರ ಅಂಚೆಚೀಟಿಯಷ್ಟು ಚಿಕ್ಕದು. 1948ರ ಮೇ 16ರಂದು ಹೊಸ ರಾಷ್ಟ್ರವಾದ ಇಸ್ರೇಲಿನ ಮೊದಲ ಅಂಚೆಚೀಟಿಗಳು ಬಿಡುಗಡೆಯಾದವು, ವಿನ್ಯಾಸ ಓಟೆ ವಾಲಿಶ್ ಅವರದು. ಅಚ್ಚಿಗೆ ಹೋಗುವಾಗ ದೇಶದ ಹೆಸರೇ ನಿಶ್ಚಯವಾಗಿರದ ಕಾರಣ ಅವುಗಳ ಮೇಲೆ ‘ದೋಆರ್ ಇವ್ರಿ’, ಅಂದರೆ ಹೀಬ್ರೂ ಅಂಚೆ, ಎಂದಷ್ಟೇ ಇದೆ. ಆ ಮಾತು ಚೌಕ ಅಕ್ಷರದಲ್ಲಿದೆ. ಚೀಟಿಯ ಚಿತ್ರ ರೋಮನ್ ಕಾಲದ ಬಂಡಾಯದ ನಾಣ್ಯ, ಅದರ ಅಂಚಿನಲ್ಲಿ ಸುತ್ತಿಬಂದಿರುವುದು ಹಳೆಯ ಲಿಪಿ. ಹೆಬ್ಬೆರಳಿನಗಲದ ಕಾಗದದ ಮೇಲೆ ಹೀಬ್ರೂವಿನ ಎರಡು ಲಿಪಿಗಳು ಒಟ್ಟಿಗಿವೆ, ಚೌಕ ಅಕ್ಷರ ಮಾತ್ರ ಬಲ್ಲವನಿಗೆ ನಾಣ್ಯದ ಮೇಲಿನದನ್ನು ಓದಲು ಬಾರದು.

ಕೊನೆಯದಾಗಿ ತಮ್ಮ ಪತ್ರಿಕೆಯ ಮೇಲೆಯೇ ಒಂದು ದೂರು. ಲೇಖನದ ನಡುವೆ ದೊಡ್ಡದಾಗಿ ಅಚ್ಚಾಗಿರುವ ‘ಶಾಲೋಮ್’ ಎಂಬ ಹೀಬ್ರೂ ಪದ ಹಿಂದುಮುಂದಾಗಿದೆ. ಶೀನ್, ಲಾಮೆದ್, ವಾವ್, ಮೇಮ್ ಎಂಬ ನಾಲ್ಕು ಅಕ್ಷರಗಳು ಬಲದಿಂದ ಎಡಕ್ಕೆ ಬರಬೇಕು. ತಮ್ಮ ಪುಟದಲ್ಲಿ ಪದದ ಕೊನೆಯಲ್ಲಿ ಮಾತ್ರ ಬರಬೇಕಾದ ಮುಚ್ಚಿದ ಚೌಕದ ಅಂತ್ಯ ಮೇಮ್ ಬಲತುದಿಯಲ್ಲಿ, ಪದದ ಮೊದಲಿಗೆ ನಿಂತಿದೆ. ಹೀಬ್ರೂ ಬಾರದವರೂ ಈ ಒಂದು ಅಕ್ಷರದಿಂದ ತಪ್ಪನ್ನು ಹಿಡಿಯಬಹುದು. ಎಡದಿಂದ ಬಲಕ್ಕೆ ಹೋಗುವ ಭಾಷೆಗಳಿಗೆಂದೇ ಸಜ್ಜುಮಾಡಿದ ಪುಟವಿನ್ಯಾಸದ ತಂತ್ರಾಂಶಕ್ಕೆ ಹೀಬ್ರೂ ಪದವನ್ನು ಅಂಟಿಸಿದರೆ ಹೀಗಾಗುತ್ತದೆ; ಯುನಿಕೋಡ್‌ನಲ್ಲಿ ಎರಡೂ ದಿಕ್ಕಿನ ಬರಹವನ್ನು ಒಂದೇ ಸಾಲಿನಲ್ಲಿ ಹೊಂದಿಸುವ ನಿಯಮಗಳಿವೆ, ಆದರೆ ತಂತ್ರಾಂಶ ಅವನ್ನು ಪಾಲಿಸಬೇಕಲ್ಲ. ಈ ಫಜೀತಿ ಕಂಪ್ಯೂಟರಿಗಿಂತ ಹಳೆಯದು. 1874ರಲ್ಲಿ ಪುಣೆಯಲ್ಲಿ ಮರಾಠಿ ಮಾತಾಡುವ ಯೆಹೂದ್ಯರಾದ ಬೆನೆ ಇಸ್ರೇಲ್ ಸಮುದಾಯಕ್ಕಾಗಿ ಪಸ್ಕ ಹಬ್ಬದ ಪುಸ್ತಕವೊಂದನ್ನು ಮರಾಠಿ ಅನುವಾದದೊಂದಿಗೆ ಅಚ್ಚು ಹಾಕಿದವರೂ ಎದುರುಬದಿರಾಗಿ ಓಡುವ ಎರಡು ಲಿಪಿಗಳನ್ನು ಒಂದೇ ಪುಸ್ತಕದಲ್ಲಿ ಕೂರಿಸಬೇಕಾಗಿತ್ತು.

ಸ್ವರಚಿಹ್ನೆಗಳಿರುವ ಹೀಬ್ರೂ ಇನ್ನೂ ತೊಡಕಿನದು, ಏಕೆಂದರೆ ಟೈಬೀರಿಯಾಸ್‌ನ ಪಂಡಿತರು ಹತ್ತನೆಯ ಶತಮಾನದ ಹೊತ್ತಿಗೆ ನೆಲೆಗೊಳಿಸಿದ ಚುಕ್ಕಿಗಳೂ ರಾಗಸೂಚಕ ಗುರುತುಗಳೂ ಅಕ್ಷರದ ಮೇಲೆ, ಕೆಳಗೆ, ಒಳಗೆ ಒಟ್ಟೊಟ್ಟಿಗೆ ಬರುತ್ತವೆ, ಒಂದು ಇನ್ನೊಂದನ್ನು ತುಳಿಯಬಾರದು. ಒತ್ತಕ್ಷರಗಳ ಜಾಗಕ್ಕಾಗಿ ಹೆಣಗಿದ ಕನ್ನಡದ ಫಾಂಟ್ ತಯಾರಕರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೈಬಲ್ ವಿದ್ವಾಂಸರ ಸಂಘಕ್ಕಾಗಿ ‘ಎಸ್‌ಬಿಎಲ್ ಹೀಬ್ರೂ’ ಫಾಂಟ್ ಮಾಡಿಕೊಟ್ಟ ಕೆನಡಾದ ಜಾನ್ ಹಡ್ಸನ್ ಅವರೇ ಫಿಯೋನಾ ರಾಸ್ ಅವರೊಂದಿಗೆ ‘ಟೀರೋ ಕನ್ನಡ’ ಫಾಂಟನ್ನೂ ರೂಪಿಸಿದ್ದಾರೆ. ಅದರ ಮೂಲ ರೂಪ ಸಿದ್ಧವಾದದ್ದು ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಗ್ರಂಥಮಾಲೆಗಾಗಿ.

ಆದ್ದರಿಂದ ತಮ್ಮಲ್ಲಿ ಎರಡು ಕೋರಿಕೆ. ಆ ಪದವನ್ನು ಸರಿಯಾದ ದಿಕ್ಕಿನಲ್ಲಿ ಇನ್ನೊಮ್ಮೆ ಪ್ರಕಟಿಸಬೇಕು. ಅದಕ್ಕೆ ಬೇಕಾದ ‘ಫ್ರಾಂಕ್ ರೂಲ್ ಲಿಬ್ರೆ’ ಮತ್ತು ‘ಡೇವಿಡ್ ಲಿಬ್ರೆ’ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಪುಟ ಕಟ್ಟುವವರು ಬಲದಿಂದ ಎಡಕ್ಕೆ ಸಾಗುವ ಸಾಲಿನ ಆಯ್ಕೆಯನ್ನು ಮೊದಲೇ ಮಾಡಿಕೊಂಡರೆ ಸಾಕು. ಲೇಖಕರು ಈ ಮಾಲಿಕೆಯನ್ನು ಮುಂದುವರಿಸುವುದಾದರೆ, ಮುಂದಿನ ಕಂತಿನಲ್ಲಿ ಬಾರೂಖ್, ಡೇವಿಡ್, ಫ್ರೀಡ್‌ಲೆಂಡರ್ ಇವರ ಅಕ್ಷರಗಳ ಮಾದರಿಗಳನ್ನು ಹತ್ತೊಂಬತ್ತನೆಯ ಶತಮಾನದ ಒಂದು ಪ್ರಾರ್ಥನಾ ಪುಸ್ತಕದ ಪುಟದ ಪಕ್ಕದಲ್ಲಿಟ್ಟು ಅಚ್ಚು ಹಾಕಲಿ, ವ್ಯತ್ಯಾಸವನ್ನು ಓದುಗರೇ ನೋಡಿ ತೀರ್ಮಾನಿಸಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುದ್ರಣ ಅಧ್ಯಾಪಕ
ಮೈಸೂರು